ಶಕ್ತಿಮಾನ್ ಲಾರಿಯ ಹಿಂದೆ ಯಾವ ಟ್ರೇಲರ್? ಮುಳ್ಳೇರಿಯಾ ಸಮೀಪದ ಒಂದು ತೋಟದ ಪ್ರಕರಣ

ಕಾಸರಗೋಡು ಜಿಲ್ಲೆಯ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಮುಳ್ಳೇರಿಯಾದ ಆಸುಪಾಸಿನ ಗುಡ್ಡಗಾಡಿನಲ್ಲಿ ಎರಡು ತುಂಡಾಗಿ ಹರಡಿರುವ ಒಂದು ಅಡಿಕೆ ತೋಟವಿದೆ. ಅದರ ಮಾಲೀಕರು ತಮ್ಮಲ್ಲಿರುವ ಹಳೆಯ ಮಿಲಿಟರಿ ಲಾರಿಯ ಹಿಂದೆ ಕಟ್ಟಿ ಎಳೆಯಲು ಸೇನೆಯಿಂದ ವಿಲೇವಾರಿಯಾದ ಟ್ರೇಲರ್ ಒಂದನ್ನು ಕೊಳ್ಳಬೇಕೆಂದು ಹೊರಟಾಗ ಆಯ್ಕೆಗೆ ನೆರವಾಗುವಂತೆ ನನ್ನನ್ನು ಕೇಳಿಕೊಂಡರು. ಸೇನೆಯ ವಾಹನ ದುರಸ್ತಿ ಕಾರ್ಯಾಗಾರದಲ್ಲಿ ಸೇವೆ ಮುಗಿಸಿ ಊರಿಗೆ ಮರಳಿದವನೆಂಬ ಕಾರಣಕ್ಕೆ ಇಂಥ ವಿಚಾರಣೆಗಳು ನನ್ನ ಬಳಿಗೆ ಬರುವುದುಂಟು. ಹೆಚ್ಚಿನವು ‘ಎಷ್ಟು ಟನ್ನು ಹೊರುತ್ತದೆ, ಎಷ್ಟು ರೂಪಾಯಿಗೆ ಸಿಗುತ್ತದೆ’ ಎಂಬ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತವೆ. ಈ ಪ್ರಕರಣದಲ್ಲಿ ಆ ಎರಡೂ ಪ್ರಶ್ನೆಗಳಿಗೆ ಅತ್ಯುತ್ತಮ ಉತ್ತರ ಕೊಟ್ಟ ಟ್ರೇಲರನ್ನೇ ನಾವು ಬಿಟ್ಟುಬರಬೇಕಾಯಿತು. ಹಾಗೇಕಾಯಿತು ಎಂಬುದನ್ನು ವಿವರವಾಗಿ ಬರೆದಿಟ್ಟರೆ ಇಂಥದೇ ಲಾರಿಯಿರುವ ಇತರರಿಗೆ ಉಪಯೋಗವಾದೀತು ಎಂದು ತೋರಿದ್ದರಿಂದ ಈ ಬರಹ.

ಲಾರಿ ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಡಿ ಜಬಲ್ಪುರದಲ್ಲಿ ತಯಾರಾಗಿ, ದಶಕಗಳ ಕಾಲ ಭಾರತೀಯ ಸೇನೆಯ ಸಾಮಾನು ಹೊತ್ತ ಈ ಮೂರು ಟನ್ನಿನ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಲಾರಿ, ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಲಾರಿ ಬಂದ ಮೇಲೆ ಹಂತಹಂತವಾಗಿ ಸೇವೆಯಿಂದ ಹೊರಬಿದ್ದು, ಘಟ್ಟದ ಅಂಚಿನ ಊರುಗಳಲ್ಲಿ ಮರ ಸಾಗಿಸುವವರ ಕೈಗೆ ‘ಡಿಸ್ಪೋಸಲ್ ಗಾಡಿ’ಯಾಗಿ ಬಂದದ್ದು ಹಲವರಿಗೆ ಗೊತ್ತಿದೆ. ಈ ಮನೆಯ ಲಾರಿಯೂ ಮಾಲೀಕರ ತಂದೆಯವರ ಕಾಲದಲ್ಲಿ ಹಾಗೆಯೇ ಬಂದದ್ದು. ಎಂಜಿನ್ ಆರೋಗ್ಯವಾಗಿದೆ, ದಾಖಲೆಗಳು ಸರಿಯಿವೆ, ಕಾಸರಗೋಡಿನ ಕೆ.ಎಲ್. 14ರ ನೋಂದಣಿಯಿದೆ.

ತೋಟದ ಕೆಳಭಾಗವು ಪಯಸ್ವಿನಿ ಹೊಳೆಯ ಕಡೆಗೆ ಇಳಿಯುವ ಬಯಲಿನಲ್ಲಿದೆ. ಮನೆ, ಅಡಿಕೆ ಒಣಗಿಸುವ ಅಂಗಳ, ಕೆರೆ ಎಲ್ಲವೂ ಅಲ್ಲಿಯೇ. ಮೇಲಿನ ತೋಟಕ್ಕೆ ಹೋಗಬೇಕಾದರೆ ಸ್ವಲ್ಪ ದೂರ ಸಾರ್ವಜನಿಕ ರಸ್ತೆಯಲ್ಲಿ ಸಾಗಿ, ಬಳಿಕ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಕಡಿದು ಮಾಡಿದ ಸ್ವಂತ ಮಣ್ಣುರಸ್ತೆಯನ್ನು ಏರಬೇಕು. ಅದರಲ್ಲಿ ಎರಡು ಹಿಮ್ಮುರಿ ತಿರುವುಗಳಿವೆ. ಅತಿ ಕಡಿದಾದಲ್ಲಿ ಆರು ಅಡಿ ಸಾಗಿದರೆ ಒಂದಡಿ ಏರುತ್ತದೆ. ಬೇಸಿಗೆಯಲ್ಲಿ ಇದು ಬರಿಯ ಕೆಂಪು ಧೂಳಿನ ರಸ್ತೆ. ಜೂನ್ ಬಂದ ಮೇಲೆ ಇದೇ ರಸ್ತೆ ಪಾಚಿ ಹಿಡಿದ ಕಲ್ಲೂ ಜಾರುವ ಮಣ್ಣೂ ಸೇರಿದ ಬೇರೆಯೇ ವಸ್ತುವಾಗುತ್ತದೆ.

ಟ್ರೇಲರ್ ಬೇಕಾದದ್ದು ಹೆಚ್ಚು ಹೇರು ಸಾಗಿಸುವುದಕ್ಕೆಂದೇ ನಾನು ಮೊದಲು ಭಾವಿಸಿದ್ದೆ. ಮಾಲೀಕರ ಮಾತು ಕೇಳಿದ ಮೇಲೆ ನಿಜವಾದ ಅಗತ್ಯ ಬೇರೆಯೆಂದು ತಿಳಿಯಿತು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸುವಾಗ ಮದ್ದಿನ ಟ್ಯಾಂಕು ಲಾರಿಯ ಮೇಲಿರುತ್ತದೆ. ಮದ್ದು ಬಿಡುವವರು ಮರದಿಂದ ಮರಕ್ಕೆ ಹೋಗುತ್ತಾ ಕೆಲಸ ಮುಗಿಸುವವರೆಗೆ ಲಾರಿಯೂ ಅದರ ಚಾಲಕನೂ ಅಲ್ಲಿಯೇ ಕಟ್ಟಿಬಿದ್ದಿರುತ್ತಾರೆ. ಮಳೆ ಬಿಟ್ಟುಕೊಡುವ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ ಕೆಲಸ ಅದು. ಕಲಸಿದ ದ್ರಾವಣವನ್ನು ಅದೇ ದಿನ ಬಳಸಬೇಕು, ಮರುದಿನಕ್ಕೆ ಉಳಿಸಿಕೊಂಡರೆ ಅದರ ಗುಣ ಕೆಡುತ್ತದೆ. ಬೇಸಿಗೆಯಲ್ಲಿ ಮೇಲಿನ ಎಳೆಯ ಗಿಡಗಳಿಗೆ ನೀರು ಸಾಗಿಸುವಾಗಲೂ ಇದೇ ಕಥೆ. ಆದ್ದರಿಂದ ಬೇಕಾದದ್ದು ಲಾರಿಯಿಂದ ಕಳಚಿ ಮೇಲಿನ ತೋಟದಲ್ಲಿ ನಿಲ್ಲಿಸಿಬರಬಹುದಾದ ಒಂದು ವಾಹನ. ಮರಳುವಾಗ ಅದೇ ವಾಹನ ಅಡಿಕೆ, ತೆಂಗಿನಕಾಯಿ, ಸೌದೆಗಳನ್ನು ಹೊತ್ತು ಇಳಿಯಬೇಕು. ತುಂಬಿದ ಭಾರದೊಂದಿಗೆ ಇಳಿಯುವುದು ಎಂಬ ಅಂಶವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಈ ಪ್ರಕರಣ ತೀರ್ಮಾನವಾದದ್ದು ಅಲ್ಲಿಯೇ.

ಲಾರಿಯ ಹಿಂಭಾಗದ ಪರಿಶೀಲನೆ

ಟ್ರೇಲರ್ ನೋಡಲು ಹೊರಡುವ ಮೊದಲು ನಾವು ಲಾರಿಯ ಹಿಂಭಾಗವನ್ನು ಅಳೆದೆವು. ಯಾವ ಟ್ರೇಲರ್ ಎಳೆಯಬಹುದು ಎಂಬುದನ್ನು ಎಂಜಿನ್ನಿನ ಶಕ್ತಿಗಿಂತ ಮೊದಲು ನಿರ್ಧರಿಸುವುದು ಆ ಹಿಂಭಾಗದ ಅಡ್ಡತೊಲೆಯಲ್ಲಿ ಏನಿದೆ, ಏನಿಲ್ಲ ಎಂಬ ಸಂಗತಿ. ಕೊಕ್ಕೆ ಇತ್ತು, ಅದರ ಚಿಲಕವೂ ಸರಿಯಾಗಿ ಬೀಳುತ್ತಿತ್ತು. ನೆಲದಿಂದ ಕೊಕ್ಕೆಯ ಎತ್ತರ 84 ಸೆಂ.ಮೀ. ವಿದ್ಯುತ್ತು 24 ವೋಲ್ಟಿನದು. ಚಕ್ರಗಳು 20 ಇಂಚಿನ ರಿಮ್ಮಿನವು. ಲಾರಿಯ ಸ್ವಂತ ಬ್ರೇಕ್ ಚೆನ್ನಾಗಿತ್ತು; ಆದರೆ ಹಿಂದಿರುವ ಟ್ರೇಲರಿನ ಬ್ರೇಕಿಗೆ ಗಾಳಿ ಕೊಡುವ ಕೊಳವೆಗಳಾಗಲಿ ಅವುಗಳನ್ನು ಜೋಡಿಸುವ ತುದಿಗಳಾಗಲಿ ಈ ಲಾರಿಯಲ್ಲಿ ಇರಲಿಲ್ಲ.

ಸೇನೆಗಳು ಟ್ರೇಲರನ್ನು ಸಾಮಾನ್ಯವಾಗಿ ಒಂಟಿಯಾಗಿ ರೂಪಿಸುವುದಿಲ್ಲ, ಅದನ್ನು ಎಳೆಯುವ ವಾಹನದ ಜೋಡಿಯಾಗಿಯೇ ರೂಪಿಸುತ್ತವೆ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಕಾಲು ಟನ್ನಿನ ಜೀಪ್ ಟ್ರೇಲರಿಗೆ ಜೀಪಿನ ಚಕ್ರಗಳನ್ನೇ, ಜೀಪಿನ ಅಗಲವನ್ನೇ ಕೊಟ್ಟಿದ್ದರು. ಮುಂದೆ ಎರಡೂವರೆ ಟನ್ನಿನ ಎಂ35 ಲಾರಿಗೂ ಒಂದೂವರೆ ಟನ್ನಿನ ಎಂ105 ಟ್ರೇಲರಿಗೂ ಒಂದೇ 9.00–20 ಅಳತೆಯ ಟೈರ್ ಬಂತು. ಹೀಗೆ ಮಾಡಿದ್ದರಿಂದ ಒಂದು ಹೆಚ್ಚುವರಿ ಚಕ್ರ ಎರಡಕ್ಕೂ ಸಾಕಾಗುತ್ತದೆ, ಟ್ರೇಲರ್ ಲಾರಿಯ ಜಾಡಿನಲ್ಲಿಯೇ ಸಾಗುತ್ತದೆ, ಕೊಕ್ಕೆಯೂ ಬ್ರೇಕಿನ ಕೊಳವೆಯೂ ದೀಪದ ಪ್ಲಗ್ಗೂ ಹುಡುಕಾಟವಿಲ್ಲದೆ ಒಂದಕ್ಕೊಂದು ಕೂರುತ್ತವೆ. ಹರಾಜಿನಲ್ಲಿ ಈ ಜೋಡಿ ಒಡೆದುಹೋಗುತ್ತದೆ. ಲಾರಿ ಒಬ್ಬರ ಪಾಲಿಗೆ, ಟ್ರೇಲರ್ ಇನ್ನೊಬ್ಬರ ಪಾಲಿಗೆ. ಒಡೆದ ಜೋಡಿಯನ್ನು ಮತ್ತೆ ಕೂಡಿಸುವ ಖರ್ಚು ಎಷ್ಟು ಎಂಬುದೇ ಕೊಳ್ಳುವವನು ಲೆಕ್ಕ ಹಾಕಬೇಕಾದ ಬೆಲೆ, ವ್ಯಾಪಾರಿ ಹೇಳುವ ಮೊತ್ತ ಅದರ ಒಂದು ಭಾಗ ಮಾತ್ರ.

ನಮ್ಮ ಮುಂದೆ ಬಂದ ನಾಲ್ಕು ಟ್ರೇಲರುಗಳು

ಸೇನೆಯ ಹಳೆಯ ವಾಹನಗಳು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಕಂಪನಿಯಾದ ಎಂ.ಎಸ್.ಟಿ.ಸಿ.ಯ ಇ-ಹರಾಜಿನ ಮೂಲಕ, ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತಿನ ಮೇಲೆ ಮಾರಾಟವಾಗುತ್ತವೆ. ಅಲ್ಲಿ ಕೊಂಡವರಲ್ಲಿ ಹಲವರು ವ್ಯಾಪಾರಿಗಳೇ ಆಗಿರುವುದರಿಂದ, ಒಂದೇ ಒಂದು ಟ್ರೇಲರ್ ಬೇಕಾದ ಕೃಷಿಕ ಅವರ ಅಂಗಳದಲ್ಲಿ ಹುಡುಕಬೇಕಾಗುತ್ತದೆ. ನಾವು ಹಾಗೆ ಹುಡುಕಿದಾಗ ಪರಿಗಣನೆಗೆ ತಕ್ಕವು ನಾಲ್ಕು ದೊರಕಿದವು.

ಮೊದಲನೆಯದು ಕಾಲು ಟನ್ನಿನ ಜೀಪ್ ಟ್ರೇಲರ್. ಅದನ್ನು ಬಿಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಭಾರ ಸಾಲದು ಎಂಬುದಕ್ಕಿಂತ ಅದರ ಅಗಲ ಸಾಲದು ಎಂಬುದು ನನಗೆ ಮುಖ್ಯವಾಗಿ ಕಂಡಿತು. ಮಳೆಗಾಲದ ಮಣ್ಣುರಸ್ತೆಯಲ್ಲಿ ಲಾರಿಯ ಚಕ್ರಗಳು ಎರಡು ಆಳವಾದ ಜಾಡುಗಳನ್ನು ಕೊರೆದಿರುತ್ತವೆ, ನಡುವೆ ದಿಣ್ಣೆ ಉಳಿದಿರುತ್ತದೆ. ಕಿರಿದಾದ ಟ್ರೇಲರಿನ ಒಂದು ಚಕ್ರ ಜಾಡಿಗೆ ಇಳಿದರೆ ಇನ್ನೊಂದು ದಿಣ್ಣೆಯ ಮೇಲೆ ಏರುತ್ತದೆ. ಅಲ್ಲಿಂದ ಮಗುಚಲು ದೊಡ್ಡ ಕಾರಣವೇನೂ ಬೇಡ.

ಎರಡನೆಯದು ನೀರಿನ ಟ್ಯಾಂಕರ್ ಟ್ರೇಲರ್. ಮಾಲೀಕರ ಕಣ್ಣು ಅದರ ಮೇಲೆಯೇ ಇತ್ತು. ನೀರು, ಮದ್ದು ಎರಡಕ್ಕೂ ಸಿದ್ಧವಾದ ಉಕ್ಕಿನ ತೊಟ್ಟಿ, ನಲ್ಲಿಗಳು, ನಿಲ್ಲಿಸಲು ಕಾಲು, ಒಳಗೆ ನೀರು ಅಲುಗದಂತೆ ತಡೆಗೋಡೆ ಎಲ್ಲವೂ ಇದ್ದ ಅಚ್ಚುಕಟ್ಟಾದ ವಸ್ತು ಅದು, ಬೆಲೆಯೂ ಕಡಿಮೆ. ಆದರೆ ಬೋರ್ಡೋ ದ್ರಾವಣಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಶೇಕಡಾ ಒಂದರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಉಳಿದ ತಾಮ್ರದ ಅಂಶ ಕಬ್ಬಿಣದ ಮೇಲೆ ಕೂರುತ್ತದೆ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪಿಸಿದ ಕತ್ತಿಯನ್ನು ಅದ್ದಿ, ಅಲಗಿಗೆ ತಾಮ್ರದ ಬಣ್ಣ ಹತ್ತಿತೇ ಎಂದು ಪರೀಕ್ಷಿಸುವುದು ಅಡಿಕೆ ಬೆಳೆಗಾರರಿಗೆಲ್ಲ ತಿಳಿದಿರುವ ಕ್ರಮ. ಕತ್ತಿಗೆ ಆಗುವುದು ತೊಟ್ಟಿಗೂ ಆಗುತ್ತದೆ: ತೊಟ್ಟಿ ತಿನ್ನಿಹೋಗುತ್ತದೆ, ಮದ್ದಿನ ಬಲವೂ ಇಳಿಯುತ್ತದೆ. ಒಳಗೆ ಲೇಪನ ಮಾಡಿಸಿ ಬಳಸಬಹುದೇ ಎಂಬ ಪ್ರಶ್ನೆ ಬಂತು. ತುಕ್ಕು ಹಿಡಿದ, ತಡೆಗೋಡೆಗಳಿರುವ ತೊಟ್ಟಿಯ ಒಳಗೆ ಕೈ ಹೋಗದ ಮೂಲೆಗಳಲ್ಲಿ ಲೇಪನ ನಿಲ್ಲುವುದಿಲ್ಲವೆಂದು ನಾನು ಹೇಳಿದೆ. ಈ ಟ್ರೇಲರಿಗೆ ಇನ್ನೊಂದು ದೊಡ್ಡ ಕೊರತೆಯೂ ಇತ್ತು, ಅದು ಕಾಗದದ್ದು. ಆ ವಿಚಾರ ಮುಂದೆ ಬರುತ್ತದೆ.

ಮೂರನೆಯದು ನಾಲ್ಕು ಚಕ್ರದ, ಮುಂದಿನ ಅಚ್ಚು ತಿರುಗುವ, ಮೂರು ಟನ್ ಹೊರುವ ಟ್ರೇಲರ್. ಕೇಳಿದ ಬೆಲೆಯನ್ನು ಹೊರುವ ಟನ್ನಿನಿಂದ ಭಾಗಿಸಿದರೆ ಇದೇ ಎಲ್ಲಕ್ಕಿಂತ ಅಗ್ಗ. ಲಾರಿಯಂತೆಯೇ 20 ಇಂಚಿನ ಚಕ್ರಗಳು, ಕಳಚಿದರೆ ಯಾವ ಊರೆಯೂ ಇಲ್ಲದೆ ತಾನೇ ನಿಲ್ಲುವ ನಾಲ್ಕು ಕಾಲಿನ ಸ್ಥಿರತೆ. ನಾಲ್ಕನೆಯದು ಎರಡು ಚಕ್ರದ, ಒಂದು ಟನ್ನಿನ ಸಾಮಾನು ಟ್ರೇಲರ್. 16 ಇಂಚಿನ ಚಕ್ರ, ಕೈಬ್ರೇಕ್, ಮುಂದೆ ಮಡಚುವ ಒಂದು ಕಾಲು, ಎಳೆತೋಳಿನಲ್ಲಿ ಓವರ್‌ರನ್ ಬ್ರೇಕ್, ಅಂದರೆ ಟ್ರೇಲರ್ ಲಾರಿಯನ್ನು ತಳ್ಳಿದಾಗ ತಾನಾಗಿ ಹಿಡಿಯುವ ಬ್ರೇಕ್. ನಿಜವಾದ ಚರ್ಚೆ ನಡೆದದ್ದು ಈ ಎರಡರ ನಡುವೆ.

ತಿರುವು ಮತ್ತು ಇಳಿಜಾರು

ನಾಲ್ಕು ಚಕ್ರದ ಟ್ರೇಲರ್ ಎಂಬುದು ಎರಡು ಕಡೆ ಮಡಚಿಕೊಳ್ಳುವ ವಸ್ತು: ಕೊಕ್ಕೆಯಲ್ಲಿ ಒಮ್ಮೆ, ಮುಂದಿನ ಅಚ್ಚಿನ ತಿರುಗುಚಕ್ರದಲ್ಲಿ ಇನ್ನೊಮ್ಮೆ. ಮುಂದಕ್ಕೆ ಹೋಗುವಾಗ ಇದರಿಂದ ತೊಂದರೆಯಿಲ್ಲ. ಹಿಂದಕ್ಕೆ ತೆಗೆಯುವಾಗ ಮಾತ್ರ, ಲಾರಿಯ ಚಾಲಕನಾಗಿ ಬಹುಕಾಲ ಆ ಮನೆಯಲ್ಲಿರುವವರ ಮಾತಿನಲ್ಲಿ ಹೇಳುವುದಾದರೆ, “ಅಣ್ಣ, ಅದು ಹಟ ಹಿಡಿದ ಎಮ್ಮೆ, ನಾವು ಹೇಳಿದ ಕಡೆ ಬಿಟ್ಟು ಬೇರೆ ಎಲ್ಲ ಕಡೆಗೂ ಹೋಗುತ್ತದೆ.” ಮೇಲಿನ ತೋಟದಲ್ಲಿ ತಿರುಗಿಸಿಕೊಳ್ಳಲು ಅಗಲವಾದ ಜಾಗವಿಲ್ಲ. ಲಾರಿ ಸ್ವಲ್ಪ ದೂರ ಹಿಂದಕ್ಕೆ ಬಂದು ತಿರುಗಲೇಬೇಕು. ಎರಡು ಚಕ್ರದ ಟ್ರೇಲರ್ ಸಹ ಹಿಂದಕ್ಕೆ ಬರುವಾಗ ಬೇಗನೆ ಮಡಚಿಕೊಳ್ಳುತ್ತದೆ ಎಂಬುದು ನಿಜ, ಎಳೆತೋಳು ಚಿಕ್ಕದಾದಷ್ಟೂ ಬೇಗ. ಆದರೆ ಅದರದು ಒಂದೇ ಕೀಲು. ಅಭ್ಯಾಸದಿಂದ ಹಿಡಿತಕ್ಕೆ ಬರುತ್ತದೆ. ಅದಕ್ಕೂ ಒಪ್ಪದಿದ್ದರೆ ಕಳಚಿ, ಇಬ್ಬರು ಮೂವರು ಹಿಡಿದು ಖಾಲಿ ಟ್ರೇಲರನ್ನು ಕೈಯಿಂದಲೇ ತಿರುಗಿಸಬಹುದು.

ಹಿಮ್ಮುರಿ ತಿರುವುಗಳಲ್ಲಿ ಒಳಸರಿಯುವ ಲೆಕ್ಕವನ್ನೂ ಹಾಕಿದೆವು. ಕೊಕ್ಕೆಯು 8 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ ಎಂದುಕೊಂಡರೆ, ಕೊಕ್ಕೆಗೆ ಸಿಕ್ಕಿಸುವ ಎಳೆತೋಳಿನ ತುದಿಯ ಬಳೆಯಿಂದ ಅಚ್ಚಿಗೆ 2.4 ಮೀಟರ್ ಇರುವ ಎರಡು ಚಕ್ರದ ಟ್ರೇಲರಿನ ಅಚ್ಚು 7.63 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ, ಅಂದರೆ 37 ಸೆಂ.ಮೀ.ಯಷ್ಟು ಒಳಗೆ ಸರಿಯುತ್ತದೆ. ಎರಡು ಮೀಟರಿನ ಎಳೆತೋಳೂ ಮೂರು ಮೀಟರಿನ ಅಚ್ಚುಗಳ ಅಂತರವೂ ಇರುವ ನಾಲ್ಕು ಚಕ್ರದ ಟ್ರೇಲರಿನ ಹಿಂದಿನ ಅಚ್ಚು ಅದೇ ತಿರುವಿನಲ್ಲಿ 86 ಸೆಂ.ಮೀ. ಒಳಸರಿಯುತ್ತದೆ. ತಿರುವಿನ ಒಳಬದಿಯಲ್ಲಿ ಮುರಕಲ್ಲಿನ ಗೋಡೆ, ಹೊರಬದಿಯಲ್ಲಿ ಕೆಳಗಿನ ರಸ್ತೆ. ಆ ಅರ್ಧ ಮೀಟರಿನ ವ್ಯತ್ಯಾಸವನ್ನು ಗುಡ್ಡ ಕಡಿದೇ ಗಳಿಸಬೇಕಿತ್ತು.

ಇದೆಲ್ಲಕ್ಕಿಂತ ಮಿಗಿಲಾದದ್ದು ಬ್ರೇಕ್. ಒಂದಕ್ಕೆ ಆರರ ಇಳಿಜಾರಿನಲ್ಲಿ ಒಂದು ವಾಹನ ತನ್ನ ತೂಕದ ಸುಮಾರು ಆರನೆಯ ಒಂದು ಭಾಗದಷ್ಟು ಬಲದಿಂದ ಕೆಳಕ್ಕೆ ಜಗ್ಗುತ್ತದೆ. ನಾಲ್ಕು ಚಕ್ರದ ಟ್ರೇಲರಿನ ಸ್ವಂತ ತೂಕ 1.9 ಟನ್, ಹೇರು ಮೂರು ಟನ್, ಒಟ್ಟು 4.9 ಟನ್ನಿನ ಆ ವಸ್ತು ಲಾರಿಯ ಬೆನ್ನನ್ನು ಸುಮಾರು 800 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ, ಬ್ರೇಕ್ ಒತ್ತಿದಾಗ ಅದಕ್ಕಿಂತಲೂ ಹೆಚ್ಚು. ಎರಡು ಚಕ್ರದ ಟ್ರೇಲರ್ ತೂಕದ ಸೇತುವೆಯಲ್ಲಿ ಖಾಲಿಯಾಗಿ 780 ಕಿಲೋ ತೂಗಿತು. ಒಂದು ಟನ್ ಹೇರಿದರೂ ಅದರ ತಳ್ಳುವಿಕೆ 290 ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ಒದ್ದೆ ಮುರಕಲ್ಲಿನ ಮೇಲೆ ಹಿಂದಿನಿಂದ ಓರೆಯಾಗಿ ಬೀಳುವ ತಳ್ಳು ಲಾರಿಯ ಹಿಂಭಾಗವನ್ನೇ ಪಕ್ಕಕ್ಕೆ ಸರಿಸಬಲ್ಲದು. ಲಾರಿ ಖಾಲಿಯಿದ್ದು ಟ್ರೇಲರ್ ತುಂಬಿದ್ದರಂತೂ ಅಪಾಯ ಇಮ್ಮಡಿ. ಆದ್ದರಿಂದ ತನ್ನ ಭಾರವನ್ನು ತಾನೇ ತಡೆದುಕೊಳ್ಳುವ ಬ್ರೇಕ್ ಟ್ರೇಲರಿಗೆ ಇರಲೇಬೇಕು.

ನಾಲ್ಕು ಚಕ್ರದ ಟ್ರೇಲರಿನಲ್ಲಿ ಬ್ರೇಕ್ ಇತ್ತು, ಗಾಳಿಯದು. ಸೈನಿಕ ಟ್ರೇಲರುಗಳಲ್ಲಿ ಇದು ಉತ್ತಮ ವ್ಯವಸ್ಥೆ ಎಂಬುದರಲ್ಲಿ ಸಂಶಯವಿಲ್ಲ. ಎರಡು ಕೊಳವೆಗಳ ಪದ್ಧತಿಯಲ್ಲಿ ಒಂದು ಕೊಳವೆ ಟ್ರೇಲರಿನ ತೊಟ್ಟಿಗೆ ಗಾಳಿ ತುಂಬಿಸುತ್ತದೆ, ಇನ್ನೊಂದು ಚಾಲಕನ ಪಾದದ ಆಜ್ಞೆಯನ್ನು ಒಯ್ಯುತ್ತದೆ. ಕೊಕ್ಕೆ ಕಳಚಿ ಮೊದಲ ಕೊಳವೆ ಹರಿದರೆ ತೊಟ್ಟಿಯಲ್ಲಿರುವ ಗಾಳಿಯಿಂದಲೇ ಟ್ರೇಲರಿನ ಬ್ರೇಕ್ ತಾನಾಗಿ ಹಿಡಿಯುತ್ತದೆ. ಆದರೆ ನಮ್ಮ ಲಾರಿಯಲ್ಲಿ ಆ ಕೊಳವೆಗಳಿಲ್ಲ. ಅವನ್ನು ಹಾಕಿಸಬೇಕಾದರೆ ಪಾದದ ಬ್ರೇಕಿಗೆ ಸರಿಯಾಗಿ ಗಾಳಿ ಬಿಡುವ ವಾಲ್ವು, ಲಾರಿಯ ಸ್ವಂತ ಬ್ರೇಕಿನ ಗಾಳಿ ಟ್ರೇಲರಿನ ಕಡೆಯಿಂದ ಸೋರಿಹೋಗದಂತೆ ಕಾಯುವ ವಾಲ್ವು, ಕೊಳವೆ, ಜೋಡಣೆ, ಇವೆಲ್ಲವನ್ನೂ ಹಳೆಯ ಲಾರಿಯೊಂದಕ್ಕೆ ಹೊಂದಿಸಬಲ್ಲ ಕೈ ಬೇಕು. ವಿಚಾರಿಸಿದಾಗ ತಿಳಿದ ಖರ್ಚು ಟ್ರೇಲರಿನ ಬೆಲೆಯ ಹತ್ತಿರಕ್ಕೇ ಬಂತು. ಗಾಳಿಯ ಕೊಳವೆ ಜೋಡಿಸದೆ ‘ಮೆಲ್ಲಗೆ ಹೋದರಾಯಿತು’ ಎಂದು ಎಳೆಯುವವರನ್ನು ನಾನು ಕಂಡಿದ್ದೇನೆ. ಆ ರಸ್ತೆಯಲ್ಲಿ, ಆ ತೂಕದೊಂದಿಗೆ, ಅದಕ್ಕೆ ನಾನು ಒಪ್ಪಲಿಲ್ಲ.

ಎರಡು ಚಕ್ರದ ಟ್ರೇಲರಿನ ಓವರ್‌ರನ್ ಬ್ರೇಕಿಗೆ ಲಾರಿಯಿಂದ ಏನೂ ಬೇಡ. ಇಳಿಜಾರಿನಲ್ಲಿ ಟ್ರೇಲರ್ ಲಾರಿಯನ್ನು ತಳ್ಳಿದಾಗ ಎಳೆತೋಳಿನ ತುದಿ ಒಳಸರಿಯುತ್ತದೆ, ಆ ಸರಿತವೇ ಸಲಾಕೆಯ ಮೂಲಕ ಬ್ರೇಕನ್ನು ಹಿಡಿಸುತ್ತದೆ. ಎಷ್ಟು ತಳ್ಳು, ಅಷ್ಟು ಹಿಡಿತ. ಇದಕ್ಕೂ ಮಿತಿಯಿದೆ. ಯುರೋಪಿನ ನಿಯಮಗಳು ಇಂಥ ಬ್ರೇಕನ್ನು 3.5 ಟನ್ ಒಟ್ಟು ತೂಕದವರೆಗಿನ ಟ್ರೇಲರುಗಳಿಗೆ ಮಾತ್ರ ಒಪ್ಪುತ್ತವೆ. ನಮ್ಮದು ಹೇರು ಸೇರಿ 1.8 ಟನ್ನಿಗಿಂತ ಕಡಿಮೆ, ಆದ್ದರಿಂದ ಸಾಕಷ್ಟು ಅವಕಾಶ ಉಳಿಯುತ್ತದೆ. ಇನ್ನೊಂದು ಗುಣದೋಷವನ್ನು ಚಾಲಕನಿಗೆ ಮೊದಲೇ ವಿವರಿಸಬೇಕಾಯಿತು: ಏರಿನ ಕಡೆಗೆ ಹಿಂದಕ್ಕೆ ತೆಗೆಯುವಾಗಲೂ ಲಾರಿ ಎಳೆತೋಳನ್ನು ಒತ್ತುವುದರಿಂದ ಬ್ರೇಕ್ ಹಿಡಿದುಬಿಡುತ್ತದೆ. ಅದಕ್ಕೆಂದೇ ಇರುವ ತಡೆಪಿನ್ನನ್ನು ಹಾಕಿ ಹಿಂದೆ ತೆಗೆಯಬೇಕು, ಮತ್ತು ಮುಂದಕ್ಕೆ ಹೊರಡುವ ಮೊದಲು ಅದನ್ನು ತೆಗೆಯಬೇಕು. ಪಿನ್ ತೆಗೆಯಲು ಮರೆತರೆ ಇಳಿಜಾರಿನಲ್ಲಿ ಬ್ರೇಕೇ ಇರುವುದಿಲ್ಲ. ನಾವು ಆ ಪಿನ್ನಿಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟಿಸಿ, ಪಿನ್ ಒಳಗಿದ್ದರೆ ಅದು ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಮಾಡಿದೆವು.

ಕಾಗದ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು, ಎಳೆಯುವ ಲಾರಿಯ ಸಂಖ್ಯೆಯನ್ನು ಅದರ ಹಿಂಭಾಗದಲ್ಲಿ ತೋರಿಸಬೇಕು. ತೋಟದೊಳಗೇ ಓಡಿಸುವುದಾದರೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಈ ತೋಟದ ಎರಡು ತುಂಡುಗಳ ನಡುವೆ ಸಾರ್ವಜನಿಕ ರಸ್ತೆಯಿರುವುದರಿಂದ ಆ ಪ್ರಶ್ನೆಗೆ ಇಲ್ಲಿ ಎಡೆಯಿರಲಿಲ್ಲ.

ಸೇನೆಯ ವಾಹನಗಳು ಸೇವೆಯಲ್ಲಿರುವಾಗ ಬಾಣದ ಗುರುತಿನ ಪ್ರತ್ಯೇಕ ಸಂಖ್ಯೆ ಹೊತ್ತಿರುತ್ತವೆ. ನಾಗರಿಕ ನೋಂದಣಿ ಹೊಸದಾಗಿ ಆಗಬೇಕು. ಅದಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೇಳಿರುವ ನಮೂನೆ 21, ಅಂದರೆ ಮಾರಾಟ ಪ್ರಮಾಣಪತ್ರ, ಬೇಕು. ಹೊಸ ವಾಹನಕ್ಕೆ ಇದನ್ನು ತಯಾರಕರು ಅಥವಾ ಮಾರಾಟಗಾರರು ಕೊಡುತ್ತಾರೆ. ಸೇನೆ ಹರಾಜು ಹಾಕಿದ ವಾಹನಕ್ಕೆ ರಕ್ಷಣಾ ಇಲಾಖೆಯ ಅಧಿಕಾರಿ ಕೊಡಬೇಕು, ನೋಂದಣಿಗೆ ಅದರ ಮೂಲ ಪ್ರತಿಯೇ ಬೇಕು. ನೀರಿನ ಟ್ಯಾಂಕರನ್ನು ಮಾರುವವರ ಬಳಿ ಇದ್ದದ್ದು ಗುಜರಿಯಾಗಿ, ತೂಕದ ಲೆಕ್ಕದಲ್ಲಿ ಕೊಂಡ ಬಿಲ್ಲು ಮಾತ್ರ. ಗುಜರಿಯಾಗಿ ಮಾರಿದ ವಸ್ತುವಿಗೆ ಆಮೇಲೆ ವಾಹನದ ಕಾಗದ ಹುಟ್ಟುವುದಿಲ್ಲ. ಅದರ ಬೆಲೆ ಅಷ್ಟು ಕಡಿಮೆ ಇದ್ದದ್ದೂ ಅದಕ್ಕೇ. ಎರಡು ಚಕ್ರದ ಟ್ರೇಲರಿಗೆ ನಮೂನೆ 21ರ ಮೂಲ ಪ್ರತಿ ಇತ್ತು. ಆದರೂ ಕಾಗದ ನೋಡಿ ತೃಪ್ತರಾಗದೆ, ಎಳೆತೋಳಿನ ಮೇಲಿನ ಬಣ್ಣವನ್ನು ಕೆರೆದು ಒತ್ತಚ್ಚಿನ ಸಂಖ್ಯೆಯನ್ನು ಕಾಗದದ ಸಂಖ್ಯೆಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆವು. ಹಲವು ಬಾರಿ ಬಳಿದ ಹಸಿರು ಬಣ್ಣದ ಅಡಿಯಲ್ಲಿ ಆ ಸಂಖ್ಯೆ ಬರಿಗಣ್ಣಿಗೆ ಕಾಣುತ್ತಿರಲಿಲ್ಲ.

ಆ ಹಸಿರು ಬಣ್ಣವೂ ಉಳಿಯುವಂತಿಲ್ಲ. ರಕ್ಷಣಾ ಇಲಾಖೆಗೆ ಸೇರದ ಯಾವ ವಾಹನಕ್ಕೂ ಆಲಿವ್ ಹಸಿರು ಬಳಿಯಕೂಡದೆಂದು ಅದೇ ನಿಯಮಾವಳಿಯ 121ನೆಯ ನಿಯಮ ಹೇಳುತ್ತದೆ. ಮಿಲಿಟರಿ ಗಾಡಿಯ ಅಂದವೇ ಆ ಬಣ್ಣದಲ್ಲಿದೆ ಎಂದು ಮಾಲೀಕರ ಮಗ ವಾದಿಸಿದರೂ ಕೊನೆಗೆ ಬೂದು ಬಣ್ಣ ಬಂತು.

ಈ ಖರೀದಿ ನಡೆದದ್ದು 2023ಕ್ಕೆ ಮುಂಚೆ. ಆ ವರ್ಷದ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯ ಕುರಿತು ಬಿಗಿಯಾದ ನಿಯಮ ಬಂದಿದೆ. ಈಗ ಕೊಳ್ಳುವವರು ಹಣ ಕಟ್ಟುವ ಮೊದಲು ಆ ಹರಾಜಿನ ವಸ್ತು ಬಳಕೆಗೆಂದು ಮಾರಾಟವಾದದ್ದೇ ಅಥವಾ ಗುಜರಿಗೆಂದೇ ಎಂಬುದನ್ನೂ, ತಮ್ಮ ನೋಂದಣಿ ಕಚೇರಿ ಅದನ್ನು ಸ್ವೀಕರಿಸುತ್ತದೆಯೇ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಕ್ಷೇಮ.

ಕೊಂಡ ಮೇಲಿನ ಕೆಲಸ

ಹೀಗೆ ಕೊಂಡ ಎರಡು ಚಕ್ರದ ಟ್ರೇಲರಿನ ಟೈರುಗಳ ಪಟ್ಟಿ ಹೊಸದರಂತೆ ಆಳವಾಗಿತ್ತು. ವ್ಯಾಪಾರಿ ಅದನ್ನೇ ಮುಂದಿಟ್ಟು ಬೆಲೆ ಹೇಳಿದ್ದರು. ಆದರೆ ಬದಿಯಲ್ಲಿ ಒತ್ತಿದ ತಯಾರಿಕೆಯ ಸಂಕೇತ ಮೂರೇ ಅಂಕಿಯದು. 2000ದಿಂದ ಈಚೆಗೆ ತಯಾರಾದ ಟೈರುಗಳಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಮೂರು ಅಂಕಿಯೆಂದರೆ ಕಳೆದ ಶತಮಾನದ ರಬ್ಬರು. ಎರಡನ್ನೂ ತೆಗೆಸಿದೆವು. ಜೋಡಿಯ ತತ್ತ್ವದ ಪ್ರಕಾರ ಲಾರಿಯ ಚಕ್ರವೇ ಟ್ರೇಲರಿಗೂ ಇರಬೇಕಿತ್ತು, ಅದು ಇಲ್ಲಿ ಸಾಧ್ಯವಾಗಲಿಲ್ಲ. ಆದರೆ 7.50–16 ಅಳತೆಯ ಟೈರು ಟಾಟಾ 407ರಂಥ ಸಣ್ಣ ಲಾರಿಗಳಿಗೆ ಬಳಕೆಯಾಗುವುದರಿಂದ ಯಾವ ಪೇಟೆಯಲ್ಲೂ ಸಿಗುತ್ತದೆ. ಸೇನೆಗೆ ಗಡಿಯಲ್ಲಿ ಬೇಕಾದ ಅನುಕೂಲವನ್ನು ನಮಗೆ ಪೇಟೆಯ ಅಂಗಡಿ ಒದಗಿಸುತ್ತದೆ ಎಂದುಕೊಂಡು ಈ ವಿಷಯದಲ್ಲಿ ತತ್ತ್ವವನ್ನು ಸಡಿಲಿಸಿದೆ. ಬೇರಿಂಗುಗಳನ್ನು ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿದ್ದು, ಬ್ರೇಕ್ ಲೈನಿಂಗ್ ಬದಲಿಸಿದ್ದು, ವೈರಿಂಗ್ ಪೂರ್ತಿ ಹೊಸದು ಹಾಕಿ 24 ವೋಲ್ಟಿನ ಹಿಂದೀಪ, ಇಂಡಿಕೇಟರ್, ಕೆಂಪು ಪ್ರತಿಫಲಕಗಳನ್ನು ಕೂರಿಸಿದ್ದು ಎಲ್ಲ ವರ್ಕ್‌ಶಾಪಿನ ಮಾಮೂಲಿ ಕೆಲಸಗಳು.

ಕೊಕ್ಕೆಯ ಎತ್ತರಕ್ಕೆ ಹೆಚ್ಚು ಯೋಚನೆ ಬೇಕಾಯಿತು. ಟ್ರೇಲರ್ ಸಮತಟ್ಟಾಗಿ ನಿಂತಾಗ ಅದರ ಬಳೆ 66 ಸೆಂ.ಮೀ. ಎತ್ತರದಲ್ಲಿರುತ್ತದೆ, ಲಾರಿಯ ಕೊಕ್ಕೆ 84ರಲ್ಲಿ. ಹಾಗೆಯೇ ಸಿಕ್ಕಿಸಿದರೆ ಟ್ರೇಲರಿನ ಮೂತಿ ಮೇಲೆದ್ದು ನಾಲ್ಕು ಡಿಗ್ರಿಗೂ ಮಿಕ್ಕಿ ಹಿಂದಕ್ಕೆ ವಾಲುತ್ತದೆ. ಅಚ್ಚಿನಿಂದ 90 ಸೆಂ.ಮೀ. ಮೇಲೆ ಕೂತಿರುವ ಒಂದು ಟನ್ ಹೇರು ಆ ವಾಲುವಿಕೆಯಿಂದ ಹಿಂದಕ್ಕೆ ಸರಿದು, ಕೊಕ್ಕೆಯ ಮೇಲಿನ ಭಾರವನ್ನು ಸುಮಾರು 28 ಕಿಲೋದಷ್ಟು ಇಳಿಸುತ್ತದೆ. ಏರಿನಲ್ಲಿ ಇದು ಇನ್ನೂ ಕೆಡುತ್ತದೆ. ಲಾರಿಯ ಅಡ್ಡತೊಲೆಗೆ ಕೆಳಕ್ಕೆ ಇಳಿಯುವ ದಪ್ಪ ಉಕ್ಕಿನ ತಟ್ಟೆಯನ್ನು ಬೋಲ್ಟಿನಿಂದ ಬಿಗಿದು ಕೊಕ್ಕೆಯನ್ನೇ ತಗ್ಗಿಸಲಾಯಿತು. ಬೆಸುಗೆ ಹಾಕಲು ನಾನು ಬಿಡಲಿಲ್ಲ. ಲಾರಿಯ ಚೌಕಟ್ಟಿನ ಉಕ್ಕು ಬೆಸುಗೆಯ ಬಿಸಿಗೆ ತನ್ನ ಗಟ್ಟಿತನ ಕಳೆದುಕೊಂಡು, ಬಿರುಕು ಅಲ್ಲಿಂದಲೇ ಆರಂಭವಾಗುವುದನ್ನು ಕಾರ್ಯಾಗಾರದಲ್ಲಿ ನೋಡಿದ ನೆನಪು ಗಟ್ಟಿಯಾಗಿದೆ. ಬಳೆ ಹಾಗೂ ಕೊಕ್ಕೆ ಎರಡೂ ಸೈನಿಕ ಮಾದರಿಯವೇ ಆದ್ದರಿಂದ ಅಳತೆ ಹೊಂದಿತು. ಟ್ರ್ಯಾಕ್ಟರ್ ಟ್ರೇಲರಿನ ಬಳೆಯನ್ನು ಇಂಥ ಕೊಕ್ಕೆಗೆ ಸಿಕ್ಕಿಸುವವರಿದ್ದಾರೆ. ಸಡಿಲು ಹೆಚ್ಚಿದಷ್ಟೂ ಪ್ರತಿ ಗುಂಡಿಯಲ್ಲೂ ಹೊಡೆತ ಬಿದ್ದು ಎರಡೂ ಸವೆಯುತ್ತವೆ. ಇದರ ಜೊತೆಗೆ ಎರಡು ಸರಪಳಿಗಳನ್ನು ಎಳೆತೋಳಿನ ಅಡಿಯಲ್ಲಿ ಕತ್ತರಿಯಾಗಿ ಹಾಕಿಸಿದೆವು. ಕೊಕ್ಕೆ ಬಿಟ್ಟುಹೋದರೂ ಎಳೆತೋಳು ನೆಲಕ್ಕೆ ನಾಟದೆ ಸರಪಳಿಗಳ ಮೇಲೆ ಕೂರಬೇಕೆಂಬುದು ಉದ್ದೇಶ.

ಉಕ್ಕಿನ ತೊಟ್ಟಿಯ ಬದಲಿಗೆ 500 ಲೀಟರಿನ ಎರಡು ಪ್ಲಾಸ್ಟಿಕ್ ಟ್ಯಾಂಕುಗಳು ಬಂದವು. ಒಂದೇ ದೊಡ್ಡ ಟ್ಯಾಂಕು ಅರ್ಧ ಖಾಲಿಯಾದಾಗ ನೀರು ಹಿಂದೆ ಮುಂದೆ ಹೊಯ್ದಾಡಿ ಟ್ರೇಲರನ್ನು ಅಲುಗಿಸುವುದು ಇದರಿಂದ ತಗ್ಗುತ್ತದೆ. ಅವುಗಳ ಜಾಗವನ್ನು ಲೆಕ್ಕ ಹಾಕಿಯೇ ಗುರುತಿಸಿದೆವು. ಎರಡು ಚಕ್ರದ ಟ್ರೇಲರಿನಲ್ಲಿ ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು ಕೊಕ್ಕೆಯ ಮೇಲೆ ಕೂರಬೇಕೆಂಬುದು ರೂಢಿ. ಖಾಲಿ ಟ್ರೇಲರ್ ಕೊಕ್ಕೆಯ ಮೇಲೆ 60 ಕಿಲೋ ಮಾತ್ರ ಊರುತ್ತಿತ್ತು. ಆದ್ದರಿಂದ ಒಂದು ಟ್ಯಾಂಕಿನ ನಡುವನ್ನು ಅಚ್ಚಿನಿಂದ 85 ಸೆಂ.ಮೀ. ಮುಂದಕ್ಕೆ, ಇನ್ನೊಂದರದನ್ನು 35 ಸೆಂ.ಮೀ. ಹಿಂದಕ್ಕೆ ಇಟ್ಟೆವು, ಎರಡೂ ತುಂಬಿದಾಗ ಕೊಕ್ಕೆಯ ಮೇಲೆ ಸುಮಾರು 164 ಕಿಲೋ ಬರುತ್ತದೆ.

ಯಾವ ಟ್ಯಾಂಕನ್ನು ಮೊದಲು ಖಾಲಿ ಮಾಡಬೇಕೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಹಿಂದಿನದು ಮೊದಲು ಖಾಲಿಯಾದರೆ ಕೊಕ್ಕೆಯ ಮೇಲೆ 237 ಕಿಲೋ ಬೀಳುತ್ತದೆ. ಹೆಚ್ಚೇ, ಆದರೆ ಲಾರಿಗೆ ಅದು ಭಾರವಲ್ಲ. ಮುಂದಿನದು ಮೊದಲು ಖಾಲಿಯಾದರೆ ಬಳೆ ಕೊಕ್ಕೆಯನ್ನು 13 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತದೆ. ಆಗ ಲಾರಿಯಿಂದ ಕಳಚಿದರೆ ಟ್ರೇಲರ್ ಬೆನ್ನ ಮೇಲೆ ಬೀಳುತ್ತದೆ. ಮದ್ದು ಬಿಡುವವರಿಗೆ ಲೆಕ್ಕ ಹೇಳುವ ಬದಲು ಹಿಂದಿನ ಟ್ಯಾಂಕಿಗೆ ಮಾತ್ರ ಪಂಪಿನ ಕೊಳವೆ ಜೋಡಿಸಿ, ಅದು ಬರಿದಾದ ಮೇಲೆ ಮುಂದಿನದರ ವಾಲ್ವು ತೆರೆಯುವಂತೆ ವ್ಯವಸ್ಥೆ ಮಾಡಲಾಯಿತು. ನಿಲ್ಲಿಸಿದಲ್ಲಿ ಕೈಬ್ರೇಕಿನ ಮೇಲೆ ಭರವಸೆಯಿಡದೆ ಚಕ್ರಗಳಿಗೆ ಮರದ ಅಡೆ ಇಡುವುದು, ಹಿಂಭಾಗಕ್ಕೂ ಒಂದು ಊರೆ ಕೊಡುವುದು ಕಡ್ಡಾಯ.

ಬಳಕೆಗೆ ಬಂದ ನಂತರದ ಮಳೆಗಾಲದಲ್ಲಿ ಉದ್ದೇಶಿಸಿದ ಅನುಕೂಲ ದೊರಕಿತು. ಟ್ರೇಲರ್ ಮೇಲಿನ ತೋಟದಲ್ಲಿ ನಿಂತು ಮದ್ದು ಕೊಡುತ್ತಿರುವಾಗ ಲಾರಿ ಕೆಳಗಿಳಿದು ಬೇರೆ ಕೆಲಸ ಮಾಡುತ್ತದೆ. ತೊಂದರೆಯೂ ಒಂದು ಕಾಣಿಸಿತು: ಬ್ರೇಕ್ ಡ್ರಮ್ಮಿನೊಳಗೆ ಕೆಂಪುಮಣ್ಣಿನ ರಾಡಿ ಸೇರಿ ಎಡಗಡೆಯ ಲೈನಿಂಗ್ ಬಲಗಡೆಯದಕ್ಕಿಂತ ಬೇಗ ಸವೆಯಿತು, ಹಿಡಿತ ಒಂದು ಬದಿಗೆ ಎಳೆಯತೊಡಗಿತು. ಮಳೆಗಾಲದಲ್ಲಿ ಡ್ರಮ್ಮುಗಳನ್ನು ಆಗಾಗ ಬಿಚ್ಚಿ ತೊಳೆಯುವುದು ಈಗ ಚಾಲಕನ ಕೆಲಸದಲ್ಲಿ ಸೇರಿದೆ.

ತೆಂಗಿನ ಸಿಪ್ಪೆ ತುಂಬಲು ಬದಿಹಲಗೆಗಳನ್ನು ಎತ್ತರಿಸಬಹುದೇ ಎಂದು ಮಾಲೀಕರು ಇತ್ತೀಚೆಗೆ ಕೇಳಿದರು. ಸಿಪ್ಪೆಗೆ ತೂಕವಿಲ್ಲ, ಆದ್ದರಿಂದ ಅಡ್ಡಿಯಿಲ್ಲವೆಂದೆ. ಆದರೆ ಎತ್ತರದ ಹಲಗೆಯಿದ್ದರೆ ಮುರಕಲ್ಲನ್ನೂ ಅದರ ಮಟ್ಟಕ್ಕೆ ತುಂಬುವ ಮನಸ್ಸಾಗುತ್ತದೆ. ಒಂದು ಕಲ್ಲು 30 ಕಿಲೋ ದಾಟುವುದರಿಂದ 30 ಕಲ್ಲು ಹೇರುವಷ್ಟರಲ್ಲಿ ಟನ್ನಿನ ಹತ್ತಿರಕ್ಕೆ ಬಂದಿರುತ್ತೇವೆ, ಅಷ್ಟು ಕಲ್ಲಿಗೆ ಟ್ರೇಲರಿನ ತಳವೂ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಎತ್ತರದ ಹಲಗೆಗಳನ್ನು ಕಳಚಿಡುವಂತೆ ಮಾಡಿಸಲು, ಕಲ್ಲಿನ ಹೇರು ಇರುವ ದಿನ ಅವನ್ನು ಶೆಡ್ಡಿನಲ್ಲಿಯೇ ಬಿಟ್ಟುಹೋಗಲು ಒಪ್ಪಂದವಾಗಿದೆ.